ನಾಯಿಗೆ ಎರಡು ಭಾಷೆ ಗೊಂದಲವೇ?

ಮನೆಯಲ್ಲಿ ಕನ್ನಡ, ಟ್ರೇನರ್ ಇಂಗ್ಲಿಷ್, ನಮ್ಮ ಲ್ಯಾಬ್ರಡಾರ್‌ಗೆ ತಲೆ ಕೆಡಲ್ವಾ ಅಂತ ಕೇಳಿದ್ದೀರಿ. ಭಾಷೆಯಿಂದ ಕೆಡುವುದಿಲ್ಲ. ಅದಕ್ಕೆ ‘ಬಾ’ ಆದರೂ ‘ಕಮ್’ ಆದರೂ ಒಂದು ಸದ್ದು. ಆ ಸದ್ದಾದ ಮೇಲೆ ಪ್ರತಿ ಸಲ ಒಂದೇ ಸಂಗತಿ ನಡೆದರೆ ಕಲಿಯುತ್ತದೆ. ಗೊಂದಲ ಶುರುವಾಗುವುದು ಒಂದೇ ಕೆಲಸಕ್ಕೆ ನೀವು ‘ಕೂತ್ಕೋ’, ಮಗಳು ‘ಸಿಟ್’, ಧಾರವಾಡದ ಅಜ್ಜಿ ‘ಕುಂದ್ರು’ ಅಂದಾಗ. ನಮ್ಮ ಜಯನಗರದ ಮನೆಯಲ್ಲಿ ಹಾಗೇ ಆಗಿತ್ತು. ‘ವಾಕಿಂಗ್’ ಮಾತ್ರ ಪಿಸುಗುಟ್ಟಿದರೂ ಕೇಳುತ್ತಿತ್ತು, ಕಳ್ಳ!

ಅಮೆರಿಕದ ಚೇಸರ್ ಎಂಬ ಬಾರ್ಡರ್ ಕಾಲಿ ತಳಿಯ ನಾಯಿ 1,022 ಆಟಿಕೆಗಳ ಹೆಸರು ಕಲಿತಿತ್ತು. ಅಷ್ಟು ಕಲಿಯಲು ಮೂರು ವರ್ಷ, ದಿನಕ್ಕೆ ನಾಲ್ಕೈದು ಗಂಟೆ ಪಾಠ. ನಮಗೆ ಹತ್ತು ಪದ ಧಾರಾಳ.

ಆದರೆ ನಿಮ್ಮದು ಪದವನ್ನೇ ಕೇಳುತ್ತಿದೆಯೋ, ಸುಮ್ನೆ ನಿಮ್ಮ ಕೈಸನ್ನೆ ನೋಡುತ್ತಿದೆಯೋ? ಬೆನ್ನು ತಿರುಗಿಸಿ, ಕೈ ಆಡಿಸದೆ ಒಮ್ಮೆ ಹೇಳಿ ನೋಡಿ.