ನೀರಿಗೆ ಇಳಿದವನೂ ಪ್ರಾರ್ಥಿಸಿದ್ದ

ನಮಸ್ಕಾರ,

ನಿಮ್ಮ ‘ಕೈಮುಗಿದರೆ ಸಾಲದು’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಭಾಷೆ ಸಲೀಸಾಗಿದೆ, ತೊಂದರೆ ಇರುವುದು ವಾದದಲ್ಲಿ. ಆಪತ್ತು ಬಂದಾಗ ಪ್ರಾರ್ಥನೆ ಬಿಟ್ಟು ಕೆಲಸಕ್ಕೆ ಇಳಿಯಬೇಕು ಅನ್ನುವುದೇ ಯೆಹೂದಿ ಚಿಂತನೆ ಎಂದಿದ್ದೀರಿ. ನೀವು ಕೊಟ್ಟ ಕತೆಯೇ ಅದನ್ನು ಒಪ್ಪುವುದಿಲ್ಲ.

ಈಜಿಪ್ಟಿನ ದಾಸ್ಯ ಬಿಟ್ಟು ಹೊರಟ ಇಸ್ರೇಲರ ಮುಂದೆ ಸಮುದ್ರ, ಹಿಂದೆ ಅಲ್ಲಿನ ದೊರೆ ಫರೋಹನ ಸೈನ್ಯ. ಅವರ ನಾಯಕ ಮೋಶೆ ಪ್ರಾರ್ಥಿಸುತ್ತ ನಿಂತು ದೇವರಿಂದ ಬೈಸಿಕೊಂಡ, ಯೆಹೂದ ಕುಲದ ಮುಖಂಡ ನಹಶೋನ ನೀರಿಗೆ ಧುಮುಕಿದ. ಇದೆಲ್ಲ ಬೈಬಲಿನ ವಿಮೋಚನಕಾಂಡದಲ್ಲಿದೆ ಎಂದು ಬರೆದಿದ್ದೀರಿ. ಅದರ 14ನೇ ಅಧ್ಯಾಯದಲ್ಲಿ ‘ನನಗೇಕೆ ಮೊರೆಯಿಡುತ್ತೀ, ಜನರಿಗೆ ಮುಂದೆ ಹೊರಡಲು ಹೇಳು’ ಎಂಬ ಮಾತು ಇದೆ. ನಹಶೋನ ಧುಮುಕುವುದು ಮಾತ್ರ ರಬ್ಬಿಗಳೆಂಬ ಯೆಹೂದಿ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುಡ್‌ನಲ್ಲಿ, ಸೋಟಾ ಭಾಗದ 37ನೇ ಹಾಳೆಯಲ್ಲಿ. ಆ ಹಾಳೆಯನ್ನು ಪೂರ್ತಿ ಓದಿ. ನನ್ನ ಪ್ರೀತಿಯ ಜನ ಮುಳುಗುತ್ತಿದ್ದಾರೆ, ನೀನು ಪ್ರಾರ್ಥನೆ ಉದ್ದ ಮಾಡುತ್ತಿದ್ದೀಯಲ್ಲ ಎಂದು ಅಲ್ಲಿ ದೇವರು ಮೋಶೆಯನ್ನು ಕೇಳುತ್ತಾನೆ. ತಕರಾರು ಉದ್ದದ ಬಗ್ಗೆ, ಅಲ್ವಾ? ಅದೂ ಅಲ್ಲದೆ, ‘ದೇವರೇ ಕಾಪಾಡು, ನೀರು ಕುತ್ತಿಗೆಯವರೆಗೆ ಬಂದಿದೆ’ ಎನ್ನುವ ಬೈಬಲಿನ 69ನೇ ಕೀರ್ತನೆಯ ಸಾಲನ್ನು ಆ ಹಾಳೆ ನಹಶೋನನಿಗೇ ಹೊಂದಿಸುತ್ತದೆ. ನಿಮ್ಮ ವೀರ ನೀರಿನಲ್ಲಿ ನಿಂತು ಪ್ರಾರ್ಥಿಸುತ್ತಿದ್ದ! ಇದನ್ನು ಬಿಟ್ಟಿದ್ದಕ್ಕೆ ಮೋಶೆ ಸುಮ್ನೆ ಹೇಡಿಯ ಹಾಗೆ ಕಾಣುತ್ತಾನೆ. ‘ನನ್ನ ಕೈಯಲ್ಲಿ ಏನಿದೆ?’ ಎಂದು ಅವನು ಕೇಳುವುದನ್ನೂ ನೀವು ಕೈಬಿಟ್ಟಿದ್ದೀರಿ.

ಅದೇ ಹಾಳೆಯಲ್ಲಿ ಈ ಕತೆಯ ಇನ್ನೊಂದು ರೂಪವೂ ಇದೆ. ಯಾರೂ ಮುಂದೆ ಬರದಿದ್ದಾಗ ನಹಶೋನ ಇಳಿದ ಅನ್ನುವುದು ರಬ್ಬಿ ಯೆಹೂದಾ ಅವರ ಮಾತು. ರಬ್ಬಿ ಮೇಯೀರ್ ಪ್ರಕಾರ ಇಸ್ರೇಲರ ಕುಲಗಳು ನಾನು ಮೊದಲು ತಾನು ಮೊದಲು ಎಂದು ಜಗಳಕ್ಕೆ ಬಿದ್ದವು, ಬೆನ್ಯಾಮೀನ ಕುಲ ಮೊದಲು ಇಳಿಯಿತು. ಎರಡನ್ನೂ ಹಾಕಿ. ಓದುಗರು ಗಲಿಬಿಲಿಯಾಗುತ್ತಾರೆ ಎಂಬ ಹೆದರಿಕೆ ಬೇಡ.

ಬೈಬಲಿನ ನೆಹೆಮೀಯನಿಗೆ ಒಂದೇ ಸಾಲು ಕೊಟ್ಟಿದ್ದೀರಿ, ಅದು ಅನ್ಯಾಯ. ಅವನು ಯೆರೂಸಲೇಮಿನ ಗೋಡೆ ಕಟ್ಟಿಸುವಾಗ ದಾಳಿಯ ಬೆದರಿಕೆ ಬರುತ್ತದೆ. ದೇವರಿಗೆ ಮೊರೆಯಿಟ್ಟೆವು, ಹಗಲೂ ರಾತ್ರಿ ಕಾವಲೂ ಹಾಕಿದೆವು ಎನ್ನುತ್ತಾನೆ. ಎರಡೂ ಒಂದೇ ಉಸಿರಿನಲ್ಲಿ. ಹೊರೆ ಹೊರುವವರ ಒಂದು ಕೈಯಲ್ಲಿ ಕೆಲಸ, ಇನ್ನೊಂದರಲ್ಲಿ ಆಯುಧ. ನಿಮ್ಮ ಲೇಖನಕ್ಕೆ ಇದೇ ನಡುಮನೆ ಆಗಬೇಕಿತ್ತು.

ಹಾಗಾದರೆ ಪ್ರಾರ್ಥನೆ ಎಷ್ಟು ಹೊತ್ತು? ಆ ಪ್ರಶ್ನೆ ಹಿಡಿದು ಹೋಗಿ. ಪರ್ಷಿಯದ ರಾಣಿಯಾದ ಯೆಹೂದಿ ಹೆಣ್ಣು ಎಸ್ತೇರಳು, ತನ್ನ ಜನರನ್ನು ಉಳಿಸಲು, ಮೂರು ದಿನ ಉಪವಾಸ ಮಾಡಿಸುತ್ತಾಳೆ, ಆಮೇಲೆ ಕರೆಯಿಲ್ಲದೆ ರಾಜನ ಮುಂದೆ ಹೋಗಿ ನಿಲ್ಲುತ್ತಾಳೆ. ಹಾಗೆ ಹೋದವರಿಗೆ ಮರಣವೇ ಶಿಕ್ಷೆ. (ಬೈಬಲಿನ ಎಸ್ತೇರಳ ಪುಸ್ತಕದ ಹೀಬ್ರೂ ಮೂಲದಲ್ಲಿ ದೇವರ ಹೆಸರೇ ಇಲ್ಲ. ಅದನ್ನೂ ಹೇಳಿ.)

ಕೊನೆಗೆ ಸೇರಿಸಿದ ‘ಕಾಯಕವೇ ಕೈಲಾಸ’ ತೆಗೆಯಿರಿ. ಅಲ್ಲಿ ಅದಕ್ಕೆ ಕೆಲಸವಿಲ್ಲ. ಸಾವಿರ ಪದದೊಳಗೆ ತಿದ್ದಿ ಕಳಿಸಿದರೆ ಮತ್ತೆ ಓದುತ್ತೇನೆ.

ಸಂಪಾದಕ