ಹೇಮಾವತಿಯ ಹರಿವಿನ ಮಾದರಿಗೆ ಸ್ವಯಂಚಾಲಿತ ಅವಕಲನ: ಮೆಮೊರಿ ಸಾಲದಾಗ ಏನು ಮಾಡಬೇಕು?

ಮೂಡಿಗೆರೆಯ ಬೆಟ್ಟಗಳಿಂದ ಗೊರೂರು ಅಣೆಕಟ್ಟಿನವರೆಗೆ ಮಳೆನೀರಿನ ಹರಿವನ್ನು ಲೆಕ್ಕಹಾಕುವ ಫೋರ್ಟ್ರಾನ್ ಪ್ರೋಗ್ರಾಮಿನಲ್ಲಿ ಮಣ್ಣಿನ 120 ನಿಯತಾಂಕಗಳನ್ನು ಹೊಂದಿಸಬೇಕಿದೆ, ಒಂದೊಂದನ್ನೇ ಕದಲಿಸಿ ನೋಡುವುದು ತೀರಾ ನಿಧಾನ, ಸ್ವಯಂಚಾಲಿತ ಅವಕಲನದ (ಪ್ರೋಗ್ರಾಮಿನ ಲೆಕ್ಕದಿಂದಲೇ ನಿಷ್ಪನ್ನಗಳನ್ನು, ಅಂದರೆ ಬದಲಾವಣೆಯ ದರಗಳನ್ನು, ಪಡೆಯುವ ವಿಧಾನ) ಫಲಿತಾಂಶದಿಂದ ಹಿಂದಕ್ಕೆ ಲೆಕ್ಕಹಾಕುವ ರಿವರ್ಸ್ ಮೋಡ್‌ಗೆ ಹೋದರೆ ಮೆಮೊರಿ ಸಾಲದು ಎಂದು ಬರೆದಿದ್ದೀರಿ. ಹಾಸನದಲ್ಲಿ ಇಂಥದೇ ಮಾದರಿಯೊಂದರೊಡನೆ ಎರಡು ಮಳೆಗಾಲ ಕಳೆದವಳಾಗಿ ಉತ್ತರಿಸುತ್ತಿದ್ದೇನೆ.

ನಿಮ್ಮ ಆಯ್ಕೆ ಸರಿಯಾಗಿಯೇ ಇದೆ. 1970ರಲ್ಲಿ ಸೆಪ್ಪೊ ಲಿನ್ನೈನ್ಮಾ ವಿವರಿಸಿದ ಈ ಹಿಮ್ಮುಖ ವಿಧಾನದಲ್ಲಿ, ನಿಯತಾಂಕಗಳು ಎಷ್ಟೇ ಇರಲಿ, ಒಂದು ದೋಷಮೌಲ್ಯ (ಅಳೆದ ಹರಿವಿಗೂ ಮಾದರಿಯ ಹರಿವಿಗೂ ಇರುವ ಅಂತರ) ಪ್ರತಿ ನಿಯತಾಂಕದೊಡನೆ ಎಷ್ಟು ಬದಲಾಗುತ್ತದೆ ಎಂದು ಹೇಳುವ ಗ್ರೇಡಿಯಂಟ್‌ಗೆ ತಗಲುವ ಲೆಕ್ಕ ಮೂಲ ಲೆಕ್ಕದ ಕೆಲವೇ ಪಟ್ಟು. ಆದರೆ ಹಿಂದಕ್ಕೆ ಬರುವಾಗ ಪ್ರತಿ ಹೆಜ್ಜೆಯ ಮಧ್ಯಂತರ ಬೆಲೆಗಳೂ ಕೈಯಲ್ಲಿರಬೇಕು. ಮಾದರಿಯ ಸ್ಥಿತಿ ಹತ್ತು ಲಕ್ಷ ಡಬಲ್ ಸಂಖ್ಯೆಗಳಾದರೆ ಒಂದು ಹೆಜ್ಜೆಗೆ 8 ಎಂಬಿ, 1000 ಹೆಜ್ಜೆಗೆ 8 ಜಿಬಿ; ಹೆಜ್ಜೆಯೊಳಗಿನ ತಾತ್ಕಾಲಿಕ ಚರಗಳು ಇದಕ್ಕೂ ಮೇಲೆ. ಆದ್ದರಿಂದ ಎಲ್ಲವನ್ನೂ ಉಳಿಸದೆ, ಸ್ಥಿತಿಯನ್ನು ಉಳಿಸಿಡುವ ಕೆಲವೇ ಚೆಕ್‌ಪಾಯಿಂಟ್‌ಗಳನ್ನು ಇಟ್ಟುಕೊಂಡು, ನಡುವಿನದನ್ನು ಬೇಕಾದಾಗ ಮರಳಿ ಲೆಕ್ಕಹಾಕಿ. ಗ್ರೀವಾಂಕ್ ಮತ್ತು ವಾಲ್ಥರ್ 2000ರಲ್ಲಿ ಪ್ರಕಟಿಸಿದ ರಿವಾಲ್ವ್ ಕ್ರಮದಲ್ಲಿ 10 ಚೆಕ್‌ಪಾಯಿಂಟ್‌ಗಳಿಂದ, ಅಂದರೆ 80 ಎಂಬಿಯಲ್ಲಿ, ಹಿಂದಕ್ಕೆ ಬರುವ ಮುನ್ನ ಹೆಜ್ಜೆಯ ಮಧ್ಯಂತರ ಬೆಲೆಗಳನ್ನು ದಾಖಲಿಸುವ ಓಟವನ್ನು ಬಿಟ್ಟರೆ ಯಾವ ಹೆಜ್ಜೆಯನ್ನೂ ನಾಲ್ಕಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ನಡೆಸದೆ 1001 ಹೆಜ್ಜೆಗಳನ್ನು ಹಿಮ್ಮುಖವಾಗಿ ದಾಟಬಹುದು. ಈ ಲೆಕ್ಕವನ್ನು ಮೊದಲ ಸಲ ಕಂಡಾಗ ನನಗಾದ ಸಂತೋಷ ಇನ್ನೂ ನೆನಪಿದೆ.

ಪ್ರತಿ ಹೆಜ್ಜೆಯೊಳಗೆ ನ್ಯೂಟನ್ ವಿಧಾನದ ಸಾಲ್ವರ್ (ಸಮೀಕರಣಗಳನ್ನು ಸುತ್ತುಸುತ್ತಾಗಿ ಬಿಡಿಸುವ ಭಾಗ) ಇದ್ದರೆ, ಅದರ ಸುತ್ತುಗಳನ್ನೆಲ್ಲ ಪ್ರೋಗ್ರಾಮುಗಳನ್ನು ತಾನೇ ಅವಕಲಿಸುವ ಉಪಕರಣವಾದ ಟಾಪೆನಾಡ್‌ಗೆ ಒಪ್ಪಿಸಿ ಅವಕಲಿಸಬೇಡಿ. ಪರಿಹಾರ ಸಿಕ್ಕ ಬಿಂದುವಿನಲ್ಲಿ ಜಾಕೋಬಿಯನ್ನಿನ (ಆ ಸಮೀಕರಣಗಳ ನಿಷ್ಪನ್ನಗಳ ಮಾತೃಕೆಯ) ಪರಿವರ್ತ, ಅಂದರೆ ಅಡ್ಡಸಾಲು ಕಂಬಸಾಲುಗಳು ಅದಲುಬದಲಾದ, ಮಾತೃಕೆಯೊಡನೆ ಒಂದೇ ಒಂದು ರೇಖೀಯ ಸಮೀಕರಣ ವ್ಯೂಹವನ್ನು ಬಿಡಿಸಿದರೆ ಸಾಕು, ಸುತ್ತುಗಳ ದಾಖಲೆಯೇ ಬೇಡವಾಗುತ್ತದೆ. ಆ ಭಾಗವನ್ನು ಕೈಯಿಂದಲೇ ಬರೆಯಿರಿ. ಸಾಲ್ವರ್ ಅರೆಬರೆ ನಿಂತಿದ್ದರೆ ಮಾತ್ರ ಈ ನಿಷ್ಪನ್ನವೂ ತಪ್ಪುತ್ತದೆ, ಹಾಗಾಗಿ ನಿಲುಗಡೆಯ ಮಿತಿಯನ್ನು ಬಿಗಿಗೊಳಿಸಿ.

ಇಷ್ಟಾದ ಮೇಲೂ ಕೆಲವು ನಿಯತಾಂಕಗಳ ನಿಷ್ಪನ್ನ ಸೊನ್ನೆ ಎಂದೇ ಬಂದರೆ ಉಪಕರಣವನ್ನು ಅನುಮಾನಿಸುವ ಮೊದಲು ಮಳೆಯ ದತ್ತಾಂಶವನ್ನು ನೋಡಿ. ನಾನು ಮೊದಲು ಕಾಫಿಯ ಹೂಮಳೆಯ, ಅಂದರೆ ಕಾಫಿಯ ಹೂ ಅರಳಿಸುವ ಬೇಸಿಗೆ ಮಳೆಯ, ವಾರಗಳನ್ನಷ್ಟೇ ಕೊಟ್ಟಿದ್ದೆ. ಮಾದರಿಯ ಒಣಮಣ್ಣು ಆ ಮಳೆಯನ್ನೆಲ್ಲ ಹೀರಿಕೊಂಡು, 'ತೇವ ಮಿತಿ ಮೀರಿದರೆ ಮಾತ್ರ ಹರಿವು' ಎಂಬ ಷರತ್ತು ಒಮ್ಮೆಯೂ ತೆರೆಯಲಿಲ್ಲ. ಸೊನ್ನೆ ಎಂಬ ಉತ್ತರ ಸರಿಯೇ ಆಗಿತ್ತು, ಹೊಂದಾಣಿಕೆಗೆ ಮಾತ್ರ ನಿರುಪಯುಕ್ತ. ಜೂನ್–ಜುಲೈ ಮಳೆಯನ್ನು ಸೇರಿಸಿ, ಆ ಷರತ್ತಿನ ಜಾಗದಲ್ಲಿ ನಯವಾದ ಏರಿಕೆಯ ಫಲನವನ್ನು ಇಟ್ಟ ಮೇಲೆ ಗ್ರೇಡಿಯಂಟ್ ದಾರಿ ತೋರಿತು.