ಭ್ರೂಣ ಚೆನ್ನಾಗಿದ್ದರೂ ನಿಲ್ಲಲಿಲ್ಲ ಅಂದರೆ ನನ್ನ ಜೀನ್‌ನಲ್ಲೇ ದೋಷ ಇದೆಯಾ?

ಗದಗದಿಂದ ಕೇಳಿದ್ದೀರಿ. ಎರಡು ಸಲ ಐವಿಎಫ್ ಆಯಿತು, ಭ್ರೂಣ ಒಳ್ಳೆ ಗ್ರೇಡ್ ಇತ್ತು, ಆದರೂ ನಿಲ್ಲಲಿಲ್ಲ. ಈಗ ಗರ್ಭಕೋಶದ ಜೀನ್ ಟೆಸ್ಟ್ ಮಾಡಿಸಿ ಅಂದಿದ್ದಾರೆ, ಅದನ್ನು ಕೇಳಿ ನಿಮ್ಮ ಅತ್ತೆ ಹುಟ್ಟಿನಿಂದಲೇ ದೋಷ ಅನ್ನುತ್ತಿದ್ದಾರೆ, ಅಲ್ವಾ? ನಾನು ಡಾಕ್ಟರ್ ಅಲ್ಲ. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದವಳು, ನಮ್ಮ ಅಕ್ಕನ ಜೊತೆ ಇದೇ ಚಿಕಿತ್ಸೆಗೆ ಹುಬ್ಬಳ್ಳಿಗೆ ಎರಡು ವರ್ಷ ಓಡಾಡಿದವಳು.

ಆ ಟೆಸ್ಟ್ ಜೀನ್ ಕೆಟ್ಟಿದೆಯಾ ಅಂತ ನೋಡುವುದಿಲ್ಲ ಅಕ್ಕಾ. ಆ ದಿನ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ನೋಡುತ್ತದೆ, ಅಷ್ಟೇ.

ನಿಮ್ಮ ಕಡೆ ಎರೆ ಹೊಲದಲ್ಲಿ ಕಡಲೆ ಬಿತ್ತುವಾಗ ಹದ ನೋಡುತ್ತಾರಲ್ಲ, ಹಾಗೆ. ಮಣ್ಣು ಅದೇ, ಹದ ಇರುವುದು ಕೆಲವೇ ದಿನ. ಅಂಡಾಣು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಏರುತ್ತದೆ, ಆಗ ಗರ್ಭಕೋಶದ ಒಳಪದರದಲ್ಲಿ ನೂರಾರು ಜೀನ್‌ಗಳ ಕೆಲಸ ಬದಲಾಗುತ್ತದೆ, ಕೆಲವು ಜೋರಾಗುತ್ತವೆ, ಕೆಲವು ಸುಮ್ಮನಾಗುತ್ತವೆ. ಸಹಜವಾಗಿ ಗರ್ಭಿಣಿಯಾದವರನ್ನು ನೋಡಿ 1999ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಮುಂದುವರಿದ ಗರ್ಭಗಳಲ್ಲಿ 100ಕ್ಕೆ 84ರಲ್ಲಿ ಭ್ರೂಣ ಅಂಟಿಕೊಂಡಿದ್ದು ಅಂಡಾಣು ಹೊರಬಿದ್ದ 8, 9 ಅಥವಾ 10ನೇ ದಿನ.

ಒಳಪದರದ ಪಾತ್ರ ಎಷ್ಟು ದೊಡ್ಡದು ಅಂತ ನನಗೆ ಮನದಟ್ಟಾಗಿದ್ದು ಇಲಿಗಳ ಒಂದು ಪ್ರಯೋಗ ಓದಿದಾಗ. 1992ರಲ್ಲಿ ಲಿಫ್ ಅನ್ನುವ ಒಂದೇ ಜೀನ್ ತೆಗೆದ ಹೆಣ್ಣಿಲಿಗಳಲ್ಲಿ ಭ್ರೂಣ ಆಗುತ್ತಿತ್ತು, ಅಂಟಿಕೊಳ್ಳುತ್ತಿರಲಿಲ್ಲ. ಅದೇ ಭ್ರೂಣಗಳನ್ನು ಬೇರೆ ಇಲಿಯ ಗರ್ಭಕೋಶಕ್ಕೆ ಹಾಕಿದರೆ ಮರಿಯಾಗಿ ಬೆಳೆದವು! ಅಲ್ಲಿ ಜೀನನ್ನೇ ತೆಗೆದುಹಾಕಿದ್ದರು, ನಿಮ್ಮಲ್ಲಿ ಹಾಗಾಗಿದೆ ಅಂತ ಅರ್ಥ ಅಲ್ಲವೇ ಅಲ್ಲ.

ಇನ್ನು ಟೆಸ್ಟ್ ವಿಷಯ. ಒಳಪದರದ ಸಣ್ಣ ಚೂರು ತೆಗೆದು, ಇನ್ನೂರಕ್ಕೂ ಜಾಸ್ತಿ ಜೀನ್‌ಗಳನ್ನು ನೋಡಿ, ಭ್ರೂಣ ಹಾಕುವ ಗಂಟೆಯನ್ನು ಹಿಂದೆಮುಂದೆ ಮಾಡಿ ಅನ್ನುತ್ತಾರೆ. ಕೇಳೋಕೆ ಚೆಂದ. ಆದರೆ 2022ರಲ್ಲಿ ಅಮೆರಿಕದಲ್ಲಿ 767 ಹೆಂಗಸರನ್ನು ಎರಡು ಗುಂಪು ಮಾಡಿ ನೋಡಿದಾಗ, ಟೆಸ್ಟ್ ಪ್ರಕಾರ ಸಮಯ ಬದಲಿಸಿದವರಲ್ಲಿ 100ಕ್ಕೆ 58.5, ಮಾಮೂಲಿ ಸಮಯಕ್ಕೆ ಹಾಕಿಸಿಕೊಂಡವರಲ್ಲಿ 61.9 ಹೆರಿಗೆ ಆದವು. ಅಂದರೆ ಲಾಭ ಕಾಣಲಿಲ್ಲ. ಅದಕ್ಕೇ ಸಾಲ ಮಾಡಿ ಇದನ್ನು ಮಾಡಿಸಬೇಡಿ ಅಂತ ನನ್ನ ಅಭಿಪ್ರಾಯ. ಅದಕ್ಕಿಂತ ಮೊದಲು ಗರ್ಭನಾಳದ ಟ್ಯೂಬಿನಲ್ಲಿ ನೀರು ತುಂಬಿದೆಯಾ, ಗರ್ಭಕೋಶದ ಒಳಗೆ ಪಾಲಿಪ್ ಅನ್ನುವ ಸಣ್ಣ ಗಡ್ಡೆ ಇದೆಯಾ, ಗರ್ಭಕೋಶದ ಟಿಬಿ ನೋಡಿದ್ದಾರಾ ಅಂತ ಕೇಳಿ. ನೋಡೋಕೆ ಚೆನ್ನಾಗಿರುವ ಭ್ರೂಣದಲ್ಲೂ ಜೀನ್‌ಗಳನ್ನು ಹೊತ್ತ ಎಳೆಗಳ, ಅಂದರೆ ಕ್ರೋಮೋಸೋಮ್‌ಗಳ, ಲೆಕ್ಕ ತಪ್ಪಿರಬಹುದು, ಅದನ್ನೂ ಕೇಳಿ.

ಮತ್ತೆ ಹಳೆಯ ಫೈಲ್ ತೆಗೆದು ಒಂದು ನೋಡಿ: ಪ್ರೊಜೆಸ್ಟರಾನ್ ಔಷಧಿ ಶುರು ಮಾಡಿದ ತಾರೀಖು, ಗಂಟೆ ಬರೆದಿದೆಯಾ? ಐದು ದಿನದ ಭ್ರೂಣವನ್ನು ಸಾಮಾನ್ಯವಾಗಿ ಅದಾಗಿ ಸುಮಾರು 120 ಗಂಟೆಗೆ ಹಾಕುತ್ತಾರೆ. ನಮ್ಮ ಅಕ್ಕನ ಚೀಟಿಯಲ್ಲಿ ಅದೇ ಇರಲಿಲ್ಲ, ಮುಂದಿನ ಸಲದಿಂದ ನಾನೇ ಡೈರಿಯಲ್ಲಿ ಬರೆದಿಟ್ಟೆ.